ಸ್ಟಿಕ್ಕರ್ ಬೆಲೆ ಮೇಲೆ ಇನ್ನೂ ಮೂರು ಸಾವಿರ ಕೇಳ್ತಿದ್ದಾರೆ, ಕೊಡಬೇಕಾ?

ಅಮೆರಿಕಕ್ಕೆ ಬಂದು ಆರು ತಿಂಗಳಾದವರೂ ಕೇಳುತ್ತಾರೆ, ಹತ್ತು ವರ್ಷವಾದವರೂ ಕೇಳುತ್ತಾರೆ. “ಹೊಸ ಕಾರಿನ ಕಿಟಕಿಗೆ ಅಂಟಿಸಿರೋ ಸ್ಟಿಕ್ಕರ್‌ನಲ್ಲಿ ಒಂದು ಬೆಲೆ ಇದೆ. ಡೀಲರ್ ಅದರ ಮೇಲೆ ಇನ್ನೂ 3000 ಡಾಲರ್ ಕೇಳ್ತಿದ್ದಾರೆ. ಕೊಡಬೇಕಾ? ಇಲ್ಲಿ ಚೌಕಾಸಿ ನಡೆಯುತ್ತಾ?” ಹೆಚ್ಚಿನವರು ಶೋರೂಮಿನ ಒಳಗೇ ಕೂತು, ಸೇಲ್ಸ್‌ಮನ್ ಎದ್ದು ಹೋದ ಐದು ನಿಮಿಷದಲ್ಲಿ ಮೆತ್ತಗೆ ಫೋನ್ ಮಾಡುತ್ತಾರೆ. ಅಷ್ಟರಲ್ಲಿ ಎಲ್ಲ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನ ಉತ್ತರ: ಕೊಡಬೇಡಿ. ಚೌಕಾಸಿ ಖಂಡಿತ ನಡೆಯುತ್ತದೆ, ಆದರೆ ಆ ಕುರ್ಚಿಯಲ್ಲಿ ಕೂತು ಮಾಡಬೇಡಿ. ಎದ್ದು ಮನೆಗೆ ಬನ್ನಿ. ತೆರಿಗೆ, ಫೀಸು ಎಲ್ಲ ಸೇರಿ ಕಾರು ಗೇಟಿನಿಂದ ಹೊರಗೆ ಬರಲು ಒಟ್ಟು ಎಷ್ಟು ಅಂತ ಬರಹದಲ್ಲಿ, ಅಂದರೆ ಇಮೇಲ್‌ನಲ್ಲಿ ಕೇಳಿ. ಇಲ್ಲಿ ಇದಕ್ಕೆ ಔಟ್ ದ ಡೋರ್ ಬೆಲೆ ಅನ್ನುತ್ತಾರೆ. ಆ ಒಂದು ಸಂಖ್ಯೆ ಕೈಗೆ ಬರುವ ತನಕ ಬೇರೆ ಯಾವ ಮಾತಿಗೂ ಸಿಕ್ಕಬೇಡಿ.

ಮೊದಲು, ಹಾಗೆ ಜಾಸ್ತಿ ಕೇಳುವುದು ಕಾನೂನಿಗೆ ಸರಿಯೇ? ಸರಿ. ಇದು ಬಹಳ ಜನರಿಗೆ ಆಶ್ಚರ್ಯ ತರುತ್ತದೆ. ಊರಿನಲ್ಲಿ ಬಿಸ್ಕೆಟ್ ಪ್ಯಾಕೆಟ್ ಮೇಲಿನ ಎಂಆರ್‌ಪಿ ನೋಡಿ ಬೆಳೆದವರು ನಾವು. ಅಚ್ಚಾದ ಬೆಲೆಗಿಂತ ಜಾಸ್ತಿ ಕೇಳಿದರೆ ತಪ್ಪು ಅಂತ ತಿಳಿದಿರುತ್ತೇವೆ. ಇಲ್ಲಿಯ ಕಾರಿನ ಸ್ಟಿಕ್ಕರ್ ಆ ಥರದ್ದಲ್ಲ. 1958ರಲ್ಲಿ ಒಕ್ಲಹೋಮಾದ ಸೆನೆಟರ್ ಮೈಕ್ ಮನ್ರೋನಿ ಮುಂದೆ ನಿಂತು ತಂದ ಕಾಯ್ದೆಯಿಂದ ಈ ಸ್ಟಿಕ್ಕರ್ ಬಂತು. ಇವತ್ತಿಗೂ ಅದನ್ನು ಮನ್ರೋನಿ ಸ್ಟಿಕ್ಕರ್ ಅಂತಲೇ ಕರೆಯುತ್ತಾರೆ. ಕಾರಿನ ಮೂಲ ಬೆಲೆ, ಕಾರ್ಖಾನೆಯಲ್ಲಿ ಹಾಕಿದ ಹೆಚ್ಚುವರಿ ವಸ್ತುಗಳ ಬೆಲೆ, ಸಾಗಣೆಯ ಖರ್ಚು ಎಲ್ಲವನ್ನೂ ಕಂಪನಿ ಅದರ ಮೇಲೆ ಬರೆಯಲೇಬೇಕು. ಕೊಳ್ಳುವವರ ಕೈಗೆ ಕಾರು ಹೋಗುವ ಮುಂಚೆ ಅದನ್ನು ಕಿತ್ತುಹಾಕುವಂತಿಲ್ಲ. ಆದರೆ ಅದರಲ್ಲಿರುವುದು ಕಂಪನಿ ಸೂಚಿಸಿದ ಬೆಲೆ ಅಷ್ಟೇ. ಡೀಲರ್ ಅಷ್ಟಕ್ಕೇ ಮಾರಬೇಕು ಅಂತ ಕಾಯ್ದೆ ಹೇಳುವುದಿಲ್ಲ.

ಯಾಕೆಂದರೆ ಡೀಲರ್ ಕಂಪನಿಯ ನೌಕರನಲ್ಲ. ಅವನದು ಬೇರೆಯೇ ವ್ಯಾಪಾರ. ಕಂಪನಿಯಿಂದ ಇನ್‌ವಾಯ್ಸ್ ಬೆಲೆಗೆ ಕಾರು ಕೊಂಡು ತರುತ್ತಾನೆ, ತನಗೆ ಬೇಕಾದ ಬೆಲೆಗೆ ಮಾರುತ್ತಾನೆ. 2021ರಲ್ಲಿ ಕಾರಿಗೆ ಬೇಕಾದ ಕಂಪ್ಯೂಟರ್ ಚಿಪ್ ಸಿಗದೆ ಕಾರ್ಖಾನೆಗಳು ನಿಂತವು. ಡೀಲರ್‌ಗಳ ಅಂಗಳ ಖಾಲಿಯಾಯಿತು. ಆಗ ಸ್ಟಿಕ್ಕರ್ ಪಕ್ಕದಲ್ಲಿ ಎರಡನೇ ಸ್ಟಿಕ್ಕರ್ ಕಾಣಿಸುವುದು ಮಾಮೂಲಾಯಿತು. ಅದರ ಮೇಲೆ ‘ಮಾರ್ಕೆಟ್ ಅಡ್ಜಸ್ಟ್‌ಮೆಂಟ್’ ಅಂತ ಬರೆದು ಮುಂದೆ ಒಂದು ದೊಡ್ಡ ಮೊತ್ತ. 2022ರ ಶುರುವಿನಲ್ಲಿ ಫೋರ್ಡ್, ಜನರಲ್ ಮೋಟರ್ಸ್ ಎರಡೂ ತಮ್ಮ ಡೀಲರ್‌ಗಳಿಗೆ ಎಚ್ಚರಿಕೆ ಕೊಟ್ಟವು. ತಮ್ಮ ಹೆಸರು ಕೆಡುತ್ತಿದೆ ಅನ್ನುವ ಚಿಂತೆ ಅವರಿಗಿತ್ತು. ಆದರೂ ಬೇಡಿಕೆ ಜಾಸ್ತಿ ಇರುವ ಮಾಡೆಲ್‌ಗಳಿಗೆ ಎರಡನೇ ಸ್ಟಿಕ್ಕರ್ ಅಂಟಿಸುವ ಅಭ್ಯಾಸ ಪೂರ್ತಿ ಹೋಗಿಲ್ಲ.

“ಕಾರು ಇಷ್ಟವಾಗಿದೆ, ಮೂರು ಸಾವಿರ ತಾನೇ, ಕೊಟ್ಟುಬಿಡ್ತೀನಿ” ಅನ್ನುವವರಿಗೆ ಒಂದು ಮಾತು. ಆ ಮೂರು ಸಾವಿರ ಮೂರು ಸಾವಿರಕ್ಕೆ ನಿಲ್ಲುವುದಿಲ್ಲ. ಅದರ ಮೇಲೂ ಮಾರಾಟ ತೆರಿಗೆ ಬೀಳುತ್ತದೆ. ಸಾಲ ಮಾಡಿದ್ದರೆ ಅದಕ್ಕೂ ಬಡ್ಡಿ ಕಟ್ಟುತ್ತೀರಿ. ಇನ್ನೂ ಮುಖ್ಯವಾದದ್ದು, ಕಾರು ಅಪಘಾತದಲ್ಲಿ ಪೂರ್ತಿ ಹಾಳಾದರೆ ವಿಮೆ ಕಂಪನಿ ಆ ದಿನದ ಮಾರುಕಟ್ಟೆ ಬೆಲೆ ನೋಡಿ ಹಣ ಕೊಡುತ್ತದೆ. ನೀವು ಆಸೆಗೆ ಬಿದ್ದು ಕೊಟ್ಟ ಹೆಚ್ಚುವರಿ ಹಣ ಅದರ ಲೆಕ್ಕದಲ್ಲಿ ಇರುವುದೇ ಇಲ್ಲ. ಮಾರುವಾಗಲೂ ಅದು ವಾಪಸ್ ಬರುವುದಿಲ್ಲ.

ಈಗ ನನ್ನ ಕಥೆ ಹೇಳಬೇಕು. ಇದನ್ನೆಲ್ಲ ನಾನು ಪುಸ್ತಕ ಓದಿ ಕಲಿತದ್ದಲ್ಲ.

ನನ್ನ ಮೊದಲ ಹೊಸ ಕಾರು ಕೊಳ್ಳಲು ಒಂದು ಶನಿವಾರ ಮಧ್ಯಾಹ್ನ ಹೋದೆ. ಸೇಲ್ಸ್‌ಮನ್ ಒಳ್ಳೆಯ ಮಾತುಗಾರ. ಅವನು ಕೇಳಿದ ಮೊದಲ ಪ್ರಶ್ನೆ, “ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?” ನಾನು 450 ಅಂದೆ. ಅವನು ಒಳಗೆ ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿ ಬಂದ, ಮತ್ತೆ ಹೋದ, ಮತ್ತೆ ಬಂದ. ಕೊನೆಗೆ 449 ಅಂತ ಬರೆದ ಹಾಳೆ ಮುಂದಿಟ್ಟ. ನನಗೆ ಖುಷಿಯಾಯಿತು. ಕೇಳಿದ್ದಕ್ಕಿಂತ ಒಂದು ಡಾಲರ್ ಕಡಿಮೆಯೇ ಇತ್ತಲ್ಲ. ಆದರೆ ಅದು 72 ತಿಂಗಳ ಸಾಲ. 449ನ್ನು 72ರಿಂದ ಗುಣಿಸಿದ್ದರೆ 32,328 ಬರುತ್ತಿತ್ತು. ನಾನು ಗುಣಿಸಲಿಲ್ಲ. ಅಷ್ಟು ಹೊತ್ತಿಗೆ ನಾಲ್ಕು ಗಂಟೆ ಕಳೆದಿತ್ತು, ಹಸಿವಾಗಿತ್ತು, ಮನೆಯಲ್ಲಿ ಮಗು ಅಳುತ್ತಿದೆ ಅಂತ ಎರಡು ಸಲ ಫೋನ್ ಬಂದಿತ್ತು.

ಒಂದು ತಿಂಗಳ ಮೇಲೆ ಕ್ರೆಡಿಟ್ ಯೂನಿಯನ್‌ಗೆ, ಅಂದರೆ ನಮ್ಮ ಸಹಕಾರಿ ಬ್ಯಾಂಕಿನ ಥರದ ಸಂಸ್ಥೆಗೆ, ಬೇರೆ ಕೆಲಸಕ್ಕೆ ಹೋಗಿದ್ದೆ. ಅಲ್ಲಿಯವರು ಕಾರಿನ ಸಾಲದ ಬಡ್ಡಿ ಎಷ್ಟು ಅಂತ ಕೇಳಿದರು. ನಾನು ಹೇಳಿದ ದರ ಅವರ ದರಕ್ಕಿಂತ ಎರಡು ಪರ್ಸೆಂಟ್ ಜಾಸ್ತಿ ಇತ್ತು. ಮನೆಗೆ ಬಂದು ಕಾಗದ ತೆಗೆದು ಒಂದೊಂದೇ ಸಾಲು ಓದಿದೆ. ಸಾಲದ ಒಳಗೇ ಬಣ್ಣ ಕಾಪಾಡುವ ಲೇಪನ ಅಂತ 900 ಡಾಲರ್, ಮುಂದಿನ ರಿಪೇರಿಗಳಿಗೆ ಅಂತ ಮೊದಲೇ ಹಣ ಕಟ್ಟಿಸಿಕೊಳ್ಳುವ ಸರ್ವಿಸ್ ಕಾಂಟ್ರ್ಯಾಕ್ಟ್ ಅಂತ 2200 ಡಾಲರ್ ಸೇರಿದ್ದವು. ಎರಡಕ್ಕೂ ಸಹಿ ನನ್ನದೇ. ಸರ್ವಿಸ್ ಕಾಂಟ್ರ್ಯಾಕ್ಟನ್ನು ನಡುವೆ ರದ್ದು ಮಾಡಬಹುದಿತ್ತು. ಮಾಡಿದೆ, ಬಹುಪಾಲು ಹಣ ಸಾಲಕ್ಕೆ ಜಮೆಯಾಯಿತು. ಲೇಪನದ ಹಣ ಹೋಗಿದ್ದು ಹೋಯಿತು. ಅವತ್ತು ರಾತ್ರಿ ಊಟ ಸೇರಲಿಲ್ಲ.

ತಿಂಗಳ ಕಂತಿನ ಪ್ರಶ್ನೆಗೆ ಉತ್ತರ ಕೊಡಬೇಡಿ ಅಂತ ನಾನು ಹೇಳುವುದು ಇದಕ್ಕೇ. ಕಂತು ಅನ್ನುವುದು ಹಿಗ್ಗಿಸಿದರೆ ಹಿಗ್ಗುವ ಚೀಲ. ಬೆಲೆ, ಬಡ್ಡಿ, ಅವಧಿ, ನಿಮ್ಮ ಹಳೆಯ ಕಾರಿಗೆ ಡೀಲರ್ ಕೊಡುವ ಹಣ, ನಾಲ್ಕೂ ಅದರ ಒಳಗೆ ಬೆರೆತುಹೋಗುತ್ತವೆ. ಒಂದರಲ್ಲಿ ಬಿಟ್ಟಂತೆ ಮಾಡಿ ಇನ್ನೊಂದರಲ್ಲಿ ತೆಗೆದುಕೊಂಡರೆ ನಿಮಗೆ ತಿಳಿಯುವುದೇ ಇಲ್ಲ. ನಾಲ್ಕನ್ನೂ ಬೇರೆ ಬೇರೆ ಮಾಡಿ. ಬೆಲೆ ಮುಗಿದ ಮೇಲೆ ಹಳೆಯ ಕಾರಿನ ಮಾತು. ಅದು ಮುಗಿದ ಮೇಲೆ ಸಾಲದ ಮಾತು.

ಇಮೇಲ್ ಮಾಡುವುದು ಹೇಗೆ? ಟೆಸ್ಟ್ ಡ್ರೈವ್ ಒಂದನ್ನು ವಾರದ ನಡುವೆ ಆರಾಮಾಗಿ ಮುಗಿಸಿ. ಅವತ್ತು ಬೆಲೆ ಮಾತಾಡಬೇಡಿ. ಯಾವ ಮಾಡೆಲ್, ಯಾವ ಟ್ರಿಮ್ (ಊರಲ್ಲಿ ವೇರಿಯಂಟ್ ಅನ್ನುತ್ತೇವಲ್ಲ, ಅದು), ಯಾವ ಎರಡು ಬಣ್ಣ ಆದರೂ ಸರಿ ಅನ್ನುವುದನ್ನು ಗಟ್ಟಿ ಮಾಡಿಕೊಳ್ಳಿ. ಆಮೇಲೆ ಸುತ್ತಲಿನ ನೂರು ನೂರೈವತ್ತು ಮೈಲಿಯಲ್ಲಿ ಇರುವ ಆರೇಳು ಡೀಲರ್‌ಗಳಿಗೆ ಒಂದೇ ಪತ್ರ ಬರೆಯಿರಿ. ಅವರ ಜಾಲತಾಣದಲ್ಲಿರುವ ಕಾರಿನ ಸ್ಟಾಕ್ ನಂಬರ್ ಹಾಕಿ. ನಾನು ಈ ವಾರ ಕೊಳ್ಳುತ್ತೇನೆ, ಹಲವು ಕಡೆ ಕೇಳುತ್ತಿದ್ದೇನೆ, ನನ್ನ ಪಿನ್ ಕೋಡ್ ಇದು, ತೆರಿಗೆ, ನೋಂದಣಿ, ಡೀಲರ್ ಫೀಸು ಎಲ್ಲ ಬಿಡಿಸಿ ಬರೆದು ಒಟ್ಟು ಬೆಲೆ ಕಳಿಸಿ ಅಂತ ಕೇಳಿ. ಅಷ್ಟೇ. ಪಿನ್ ಕೋಡ್‌ಗೆ ಇಲ್ಲಿ ಜಿಪ್ ಅನ್ನುತ್ತಾರೆ, ನಿಮಗೆ ಗೊತ್ತೇ ಇದೆ.

ಇಬ್ಬರು ಉತ್ತರ ಕೊಡುವುದಿಲ್ಲ. ಇನ್ನಿಬ್ಬರು “ಬನ್ನಿ, ಇಲ್ಲೇ ಮಾತಾಡೋಣ” ಅನ್ನುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಅವರನ್ನು ಬಿಟ್ಟುಬಿಡಿ. ಉಳಿದವರು ಹಾಳೆ ಕಳಿಸುತ್ತಾರೆ. ಎಲ್ಲಕ್ಕಿಂತ ಕಡಿಮೆ ಇರುವುದನ್ನು ಮಿಕ್ಕವರಿಗೆ ತೋರಿಸಿ ಒಂದು ಸಲ ಕೇಳಿ. ಒಂದೇ ಸಲ ಸಾಕು, ಸುಮ್ನೆ ಎಳೆಯಬೇಡಿ. ಮಾತು ಕೊಟ್ಟ ಬೆಲೆಗೆ ನೀವೂ ನಿಲ್ಲಬೇಕು, ಅಲ್ವಾ?

ಈ ದಾರಿಯನ್ನು ನಾನು ಮೆಚ್ಚುವುದಕ್ಕೆ ಇನ್ನೊಂದು ಕಾರಣ ಇದೆ. ಇಯಾನ್ ಏರ್ಸ್ ಅನ್ನುವ ಕಾನೂನು ಪ್ರಾಧ್ಯಾಪಕರು 1991ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶಿಕಾಗೊ ಸುತ್ತಿನ ಡೀಲರ್‌ಗಳ ಹತ್ತಿರ ಬೇರೆ ಬೇರೆ ಜನರನ್ನು ಕಳಿಸಿದ್ದರು. ಎಲ್ಲರಿಗೂ ಒಂದೇ ಥರದ ಬಟ್ಟೆ, ಒಂದೇ ಮಾತು ಹೇಳಿಕೊಟ್ಟಿದ್ದರು. ಆದರೂ ಬಿಳಿಯ ಗಂಡಸರಿಗೆ ಸಿಕ್ಕ ಬೆಲೆ ಕಪ್ಪು ಜನರಿಗೆ, ಹೆಂಗಸರಿಗೆ ಸಿಗಲಿಲ್ಲ. ಮುಖ ನೋಡಿ ಮಣೆ ಹಾಕುವುದು ಅಂದರೆ ಇದೇ. ಇಮೇಲ್‌ನಲ್ಲಿ ನಿಮ್ಮ ಮುಖ ಕಾಣುವುದಿಲ್ಲ, ನಿಮ್ಮ ಇಂಗ್ಲಿಷ್ ಉಚ್ಚಾರ ಕೇಳುವುದಿಲ್ಲ, ನೀವು ಎಷ್ಟು ಅವಸರದಲ್ಲಿದ್ದೀರಿ ಅನ್ನುವುದೂ ಗೊತ್ತಾಗುವುದಿಲ್ಲ. ಮೃದು ಸ್ವಭಾವದವರು, “ನನಗೆ ಜಗಳ ಆಡೋಕೆ ಬರಲ್ಲ” ಅನ್ನುವವರು, ದಯವಿಟ್ಟು ಇದನ್ನು ಮಾಡಿ. ಇದರಲ್ಲಿ ಜಗಳವೇ ಇಲ್ಲ.

ಎಷ್ಟು ಕಡಿಮೆ ಮಾಡಿಸಬಹುದು ಅಂತ ಕೇಳುತ್ತಾರೆ. ಅದು ಆ ಕಾರು ಅಲ್ಲಿ ಎಷ್ಟು ದಿನದಿಂದ ನಿಂತಿದೆ ಅನ್ನುವುದರ ಮೇಲೆ ಹೋಗುತ್ತದೆ. ಡೀಲರ್ ಕೂಡ ಆ ಕಾರನ್ನು ಸಾಲದ ಹಣದಲ್ಲಿ ತಂದಿರುತ್ತಾನೆ. ನಿಂತ ಪ್ರತಿ ದಿನಕ್ಕೂ ಬಡ್ಡಿ ಕಟ್ಟುತ್ತಾನೆ. ಡ್ರೈವರ್ ಬಾಗಿಲು ತೆರೆದು ಅಂಚಿನಲ್ಲಿರುವ ಚಿಕ್ಕ ಲೇಬಲ್ ನೋಡಿ. ಕಾರು ತಯಾರಾದ ತಿಂಗಳು, ವರ್ಷ ಅಲ್ಲಿರುತ್ತದೆ. ಏಳೆಂಟು ತಿಂಗಳ ಹಿಂದಿನದಾಗಿದ್ದರೆ ಧೈರ್ಯವಾಗಿ ಕೇಳಿ. “ಇನ್‌ವಾಯ್ಸ್‌ಗೇ ಕೊಡ್ತಿದ್ದೀವಿ, ನಮಗೆ ಏನೂ ಉಳಿಯಲ್ಲ” ಅಂದರೆ ಮರುಗಬೇಡಿ. ಹಲವು ಕಂಪನಿಗಳು ಮಾರಾಟವಾದ ಮೇಲೆ ಡೀಲರ್‌ಗೆ ಸ್ವಲ್ಪ ಹಣ ವಾಪಸ್ ಕೊಡುತ್ತವೆ. ಹೋಲ್ಡ್‌ಬ್ಯಾಕ್ ಅಂತ ಅದರ ಹೆಸರು. ಸ್ಟಿಕ್ಕರ್ ಬೆಲೆಯ ಎರಡು ಮೂರು ಪರ್ಸೆಂಟ್ ಇರುವುದುಂಟು. ಗುರಿ ಮುಟ್ಟಿದರೆ ಕೊಡುವ ಬೋನಸ್ ಬೇರೆ. ತಿಂಗಳ ಕೊನೆಯಲ್ಲಿ ಅವರು ಸಡಿಲವಾಗುವುದು ಆ ಗುರಿಗಾಗಿಯೇ.

ಬೇಡಿಕೆ ಜಾಸ್ತಿ ಇರುವ ಹೈಬ್ರಿಡ್ ಥರದ ಕಾರಿಗೆ ಈ ಆಟ ನಡೆಯುವುದಿಲ್ಲ, ಒಪ್ಪುತ್ತೇನೆ. ಅಲ್ಲಿ ಸ್ಟಿಕ್ಕರ್ ಬೆಲೆಗೆ ಸಿಕ್ಕರೆ ಅದೇ ಒಳ್ಳೆಯ ಬೆಲೆ. ಆದರೆ ಸ್ಟಿಕ್ಕರ್‌ಗೇ ಮಾರುವ ಡೀಲರ್‌ಗಳು ಇದ್ದೇ ಇರುತ್ತಾರೆ, ಸ್ವಲ್ಪ ದೂರದ ಊರಲ್ಲಿ. ಕಾರ್ಖಾನೆಯಿಂದ ಮುಂದೆ ಬರಲಿರುವ ಕಾರಿಗೆ ಮುಂಗಡ ಕೊಟ್ಟು ಕಾಯಿರಿ. ಮುಂಗಡ ವಾಪಸ್ ಬರುತ್ತದೆ, ಬೆಲೆ ಬದಲಾಗುವುದಿಲ್ಲ, ಈ ಎರಡನ್ನೂ ಬರೆಸಿಕೊಳ್ಳಿ. ಎರಡು ತಿಂಗಳು ಹಳೆಯ ಕಾರನ್ನೇ ಓಡಿಸಿದರೆ ಏನೂ ಆಗುವುದಿಲ್ಲ.

ಫೀಸುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಗದಪತ್ರದ ಫೀಸಿಗೆ ಕ್ಯಾಲಿಫೋರ್ನಿಯಾದಲ್ಲಿ 85 ಡಾಲರ್ ಮಿತಿ ಇಟ್ಟಿದ್ದಾರೆ. ಫ್ಲೋರಿಡಾದಲ್ಲಿ ಮಿತಿಯೇ ಇಲ್ಲ, ಸಾವಿರದ ಹತ್ತಿರ ಕೇಳುವುದು ಮಾಮೂಲು. ಫೀಸು ತೆಗೆಯುವುದಿಲ್ಲ ಅಂದರೆ ಕಾರಿನ ಬೆಲೆಯಲ್ಲಿ ಅಷ್ಟು ಇಳಿಸಲು ಹೇಳಿ. ಒಟ್ಟು ಮೊತ್ತ ನೋಡುವವರಿಗೆ ಎರಡೂ ಒಂದೇ. ಇನ್ನು ಟೈರಿಗೆ ನೈಟ್ರೋಜನ್ ತುಂಬಿದ್ದೇವೆ ಅಂತ 200 ಡಾಲರ್ ಬರೆದಿರುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ 78 ಪರ್ಸೆಂಟ್ ನೈಟ್ರೋಜನ್ ಇದೆ. ಅದನ್ನು ಹೊಡೆದುಹಾಕಿಸಿ.

ಬೆಲೆ ಒಪ್ಪಿದ ಮೇಲೆ ಸಾಲದ ಕೋಣೆ ಬರುತ್ತದೆ, ಶೋರೂಮಿನಲ್ಲೇ ಸಾಲದ ಕಾಗದಕ್ಕೆ ಸಹಿ ಹಾಕಿಸುವ ಜಾಗ. ಜನ ಅಲ್ಲಿ ಮೈಮರೆಯುತ್ತಾರೆ, ಕೆಲಸ ಮುಗಿಯಿತು ಅಂದುಕೊಂಡಿರುತ್ತಾರೆ. ಬ್ಯಾಂಕ್ 5 ಪರ್ಸೆಂಟ್‌ಗೆ ಕೊಡಲು ಒಪ್ಪಿದ ಸಾಲವನ್ನು ಡೀಲರ್ ನಿಮಗೆ 7 ಅಂತ ಹೇಳಿ, ನಡುವಿನ ಲಾಭದಲ್ಲಿ ಪಾಲು ತೆಗೆದುಕೊಳ್ಳಬಹುದು. 30,000 ಡಾಲರ್ ಸಾಲಕ್ಕೆ, 60 ತಿಂಗಳಿಗೆ, ಈ ಎರಡು ಪರ್ಸೆಂಟ್ ಅಂದರೆ ಸುಮಾರು 1670 ಡಾಲರ್. ಇಷ್ಟು ಹೊತ್ತು ಚೌಕಾಸಿ ಮಾಡಿ ಉಳಿಸಿದ್ದು ಒಂದೇ ಸಹಿಯಲ್ಲಿ ಹೋಗಬಹುದು. ಹೋಗುವ ಮುಂಚೆಯೇ ಕ್ರೆಡಿಟ್ ಯೂನಿಯನ್‌ನಿಂದ ಸಾಲದ ಒಪ್ಪಿಗೆ ತಂದಿಟ್ಟುಕೊಳ್ಳಿ. ಡೀಲರ್ ಅದಕ್ಕಿಂತ ಕಡಿಮೆ ದರ ಕೊಟ್ಟರೆ ಸಂತೋಷವಾಗಿ ತೆಗೆದುಕೊಳ್ಳಿ, ಕೆಲವೊಮ್ಮೆ ಕೊಡುತ್ತಾರೆ ಕೂಡ.

ಕೊಂಡ ಹೊಸ ಕಾರನ್ನು ಮೂರು ದಿನದ ಒಳಗೆ ವಾಪಸ್ ಕೊಡಬಹುದು ಅನ್ನುವ ನಂಬಿಕೆ ನಮ್ಮವರಲ್ಲಿ ತುಂಬಾ ಇದೆ. ಅದು ನಿಜವಲ್ಲ. ಮನೆಬಾಗಿಲಿಗೆ ಬಂದು ಮಾರುವವರಿಗೆ ಇರುವ ಆ ನಿಯಮ ಶೋರೂಮಿನಲ್ಲಿ ಕೊಂಡ ಕಾರಿಗೆ ಅನ್ವಯಿಸುವುದಿಲ್ಲ. ಡೀಲರ್‌ಗಳು ಒಟ್ಟು ಬೆಲೆ ಮೊದಲೇ ಹೇಳಬೇಕು, ಉಪಯೋಗವಿಲ್ಲದ ವಸ್ತು ಸೇರಿಸಿ ಮಾರಬಾರದು ಅನ್ನುವ ಹೊಸ ನಿಯಮವನ್ನು ಗ್ರಾಹಕರ ಹಿತ ಕಾಯುವ ಇಲ್ಲಿಯ ಕೇಂದ್ರ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿತ್ತು. ಅದು ಜಾರಿಗೆ ಬರಲೇ ಇಲ್ಲ. 2025ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ನನಗೆ ಇದರಿಂದ ನಿಜಕ್ಕೂ ಬೇಸರವಾಯಿತು. ಆ ನಿಯಮ ಇದ್ದಿದ್ದರೆ ಈ ಬರಹದ ಅರ್ಧ ಭಾಗ ಬೇಕಾಗುತ್ತಿರಲಿಲ್ಲ.

ಹಾಗಾಗಿ ಸಹಿ ಹಾಕುವ ಮುಂಚೆ ಇಮೇಲ್‌ನಲ್ಲಿ ಬಂದ ಹಾಳೆಯನ್ನು ಪಕ್ಕಕ್ಕಿಟ್ಟುಕೊಂಡು ಪ್ರತಿ ಸಾಲನ್ನೂ ಹೋಲಿಸಿ ನೋಡಿ. ಒಂದು ಸಾಲು ಜಾಸ್ತಿ ಇದ್ದರೂ ಪೆನ್ನು ಕೆಳಗಿಡಿ. ಹಿಂದೆ ಜನ ಕಾಯುತ್ತಿದ್ದಾರೆ ಅಂದರೆ ಕಾಯಲಿ. ಅರ್ಥವಾಗದೆ ಇದ್ದರೆ ಹಾಳೆಯ ಫೋಟೋ ತೆಗೆದು ನನಗೆ ಕಳಿಸಿ, ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ.