ತಳ್ಳು ಕೂರಿಗೆಗೆ ಪುಟ್ಟ ಕ್ರಾಸ್ ಜಾಯಿಂಟ್: ಕೆಲಸ ಎಲ್ಲಿಗೆ ಬಂತು

ಒಂದು ಸಾಲಿನ ತಳ್ಳು ಕೂರಿಗೆಯ ಫ್ರೇಮ್, ಚಕ್ರ, ತಾಳು, ಬೀಜದ ಡಬ್ಬಿ ಎಲ್ಲ ಸಿದ್ಧವಾಗಿವೆ. ಇಷ್ಟು ದಿನ ತಲೆ ತಿಂದಿದ್ದು ಚಕ್ರದ ಶಾಫ್ಟಿನಿಂದ ಬೀಜದ ತಟ್ಟೆಗೆ ತಿರುವು ಒಯ್ಯುವ ಜಾಯಿಂಟ್. ಚಕ್ರದ ಶಾಫ್ಟ್ ನೆಲಕ್ಕೆ ಸಮಾಂತರ. ತಟ್ಟೆ ಮಾತ್ರ ಓರೆಯಾಗಿ ಕೂರಬೇಕು. ಆಗಲೇ ಹೆಚ್ಚಿನ ಕಾಳು ಜಾರಿ ಕೆಳಗಿಳಿದು ತಟ್ಟೆಯಲ್ಲಿ ಕೊರೆದ ಗುಳಿಗೊಂದು ಕಾಳು ಉಳಿಯುವುದು. ಹೀಗಾಗಿ ತಟ್ಟೆಯ ಶಾಫ್ಟ್ ಚಕ್ರದ ಶಾಫ್ಟಿಗಿಂತ 30 ಡಿಗ್ರಿ ಮೇಲಕ್ಕೆ ಬಾಗಿದೆ. ಎರಡು ಬೇರಿಂಗ್‌ಗಳ ನಡುವೆ ಸಿಗುವ ಜಾಗ 70 ಮಿಲಿಮೀಟರ್ ಅಷ್ಟೇ. ಡಬ್ಬಿಯನ್ನು ಇನ್ನಷ್ಟು ಆಚೆ ಸರಿಸಿದರೆ ತಳ್ಳುವಾಗ ಕೂರಿಗೆ ಒಂದು ಮಗ್ಗುಲಿಗೆ ವಾಲುತ್ತದೆ.

ಬೆವೆಲ್ ಗೇರ್ (ತಿರುವಿನ ದಿಕ್ಕು ಬದಲಿಸುವ ಓರೆ ಹಲ್ಲಿನ ಗೇರ್) ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ನಮ್ಮ ಹೊಲ ಇರುವುದು ಕುಂದಗೋಳದ ಕಡೆ, ಎರೆ ಭೂಮಿ. ತೆರೆದ ಗೇರಿನ ಹಲ್ಲಿನ ಸಂದಿಯಲ್ಲಿ ಆ ಮಣ್ಣು ಮೆತ್ತಿಕೊಂಡರೆ ಕೀಳುವುದೇ ಒಂದು ಕೆಲಸ. ರಬ್ಬರ್ ಪೈಪಿನ ತುಂಡು ಹಾಕಿ ನೋಡಿದ್ದಾಯಿತು. ಅದು ಮೊದಲು ತನ್ನಷ್ಟಕ್ಕೆ ಹುರಿಗೊಳ್ಳುತ್ತದೆ, ಆಮೇಲೆ ಒಮ್ಮೆಲೇ ಬಿಚ್ಚುತ್ತದೆ, ಎರಡು ಕಾಳು ಒಟ್ಟಿಗೆ ಬೀಳುತ್ತವೆ. ಪಾನಾ ಸೆಟ್ಟಿನ ಯುನಿವರ್ಸಲ್ ಜಾಯಿಂಟ್ ಗಾತ್ರಕ್ಕೆ ಸರಿ, ಆದರೆ ಅದರಲ್ಲಿ ಮೊದಲಿನಿಂದಲೇ ಆಟ, ಅಂದರೆ ಸಡಿಲ, ಜಾಸ್ತಿ. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ನನ್ನ ಕೆಲಸ ಮಾಡಿಕೊಡುವ ಲೇತ್‌ನವರು, "ಸರ್ರ, ಗುಜರ್ಯಾಗ ಕಾರಿನ ಸ್ಟೇರಿಂಗ್ ಕ್ರಾಸ್ ಸಿಗತೈತ್ರಿ, ತಂದು ವೆಲ್ಡಿಂಗ್ ಹೊಡದ್ರ ಮುಗೀತಲ್ರಿ" ಅಂದರು. ಮಾತು ಖರೆ. ಜಾಗ ಇದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಇಲ್ಲದ್ದರಿಂದ ಪುಟ್ಟ ಕ್ರಾಸ್ ಜಾಯಿಂಟನ್ನೇ ಮಾಡಿಸಲು ಹೊರಟೆ: ಎರಡೂ ಶಾಫ್ಟಿನ ತುದಿಗೆ ಒಂದೊಂದು ಕವೆ (ಯೋಕ್), ನಡುವೆ ಒಂದು ಬ್ಲಾಕ್, ಅದರಲ್ಲಿ ಒಂದಕ್ಕೊಂದು ಅಡ್ಡ ಹಾಯುವ ಪಿನ್‌ಗಳು.

ಲೆಕ್ಕ ಶುರುವಾಗಿದ್ದು ಟಾರ್ಕಿನಿಂದ, ಅಂದರೆ ತಿರುಗಿಸುವ ಬಲದಿಂದ. ತಟ್ಟೆ ತಿರುಗಿಸಲು ಒಂದೆರಡು ನ್ಯೂಟನ್-ಮೀಟರ್ ಸಾಕು. ಆದರೆ ತಟ್ಟೆಯ ಅಡಿಗೆ ಕಲ್ಲು ಸಿಕ್ಕಿತು ಅನ್ನಿ, ಚಕ್ರ ಬಿಡುವುದಿಲ್ಲ. 51 ಸೆಂಮೀ ವ್ಯಾಸದ ಚಕ್ರದ ಅಂಚಿನಲ್ಲಿ 150 ನ್ಯೂಟನ್ ಹಿಡಿತ ಇದ್ದರೂ ಶಾಫ್ಟಿಗೆ 38 ನ್ಯೂಟನ್-ಮೀಟರ್ ಬರುತ್ತದೆ. ಅಷ್ಟಕ್ಕೆ ಜಾಯಿಂಟ್ ಕಟ್ಟಹೊರಟರೆ ಮತ್ತೆ ಕಾರಿನ ಕ್ರಾಸೇ ಆಗುತ್ತದೆ. ಅದಕ್ಕೆ 15 ಮಿಮೀ ಶಾಫ್ಟಿನಲ್ಲಿ ಅಡ್ಡ ತೂತು ಕೊರೆದು 2.5 ಮಿಮೀ ಮೆತ್ತನೆಯ ಅಲ್ಯೂಮಿನಿಯಂ ತಂತಿಯ ತುಂಡು ತೂರಿಸಿದ್ದೇನೆ. ಕಾಲು ಮೀಟರ್ ಪಟ್ಟಿ ಬಿಗಿದು, ಅದರ ತುದಿಗೆ ಸ್ಪ್ರಿಂಗ್ ಕಾಟಾ ಹಚ್ಚಿ ಎಳೆದೆ. ಮುಳ್ಳು ಎರಡು ಕೆಜಿಯ ಹತ್ತಿರ ಬರುತ್ತಿದ್ದಂತೆ ಪಟ್ ಅಂತ ತುಂಡಾಯಿತು. ಅಂದರೆ ನಾಲ್ಕೈದು ನ್ಯೂಟನ್-ಮೀಟರಿಗೆ ತಂತಿ ಹೋಗುತ್ತದೆ, ಜಾಯಿಂಟ್ ಉಳಿಯುತ್ತದೆ. ಜಾಯಿಂಟನ್ನು 10ಕ್ಕೆ ಲೆಕ್ಕ ಹಾಕಿದೆ.

ಹೊರವ್ಯಾಸ 28, ಉದ್ದ 60 ಮಿಮೀ. ನಡುವೆ 14 ಮಿಮೀ ಚೌಕದ ಬ್ಲಾಕ್, ಯೋಕಿನ ಕಿವಿಗಳು ತಲಾ 6 ಮಿಮೀ ದಪ್ಪ. ಎದುರುಬದುರು ಕಿವಿಗಳ ಮಧ್ಯದಿಂದ ಮಧ್ಯಕ್ಕೆ 20 ಮಿಮೀ. 10 ನ್ಯೂಟನ್-ಮೀಟರನ್ನು ಇದರಿಂದ ಭಾಗಿಸಿದರೆ ಪಿನ್ನಿಗೆ 500 ನ್ಯೂಟನ್. 30 ಡಿಗ್ರಿ ಓರೆಯಲ್ಲಿ ತಟ್ಟೆಯ ಕಡೆಯ ಟಾರ್ಕ್ ಶೇ 15ರಷ್ಟು ಏರುವುದರಿಂದ 577 ಅಂತ ಹಿಡಿದೆ. ಪಿನ್ 4 ಮಿಮೀ ಇದ್ದರೆ ಬಾಗುವ ಒತ್ತಡ 320 ಮೆಗಾಪಾಸ್ಕಲ್ ಮುಟ್ಟುತ್ತದೆ, 5 ಮಿಮೀ ಇದ್ದರೆ 165ಕ್ಕೆ ಇಳಿಯುತ್ತದೆ. ವ್ಯಾಸದ ಘನದ ಆಟ ಇದು. ಇಎನ್ 8 ಉಕ್ಕಿಗೆ 5 ಮಿಮೀ ಆರಾಮು. ಚಿಕ್ಕ ಜಾಯಿಂಟಿನಲ್ಲಿ ಎಲ್ಲವನ್ನೂ ನಿರ್ಧರಿಸುವುದು ಈ ಪಿನ್. ಯೋಕ್ ಎಷ್ಟು ದಪ್ಪ ಇದ್ದರೂ ನಡೆಯುತ್ತದೆ.

ತೊಡಕು ಬೇರೆ ಕಡೆ ಇತ್ತು. ಎರಡು ಪಿನ್‌ಗಳೂ ಬ್ಲಾಕಿನ ನಟ್ಟನಡುವೆ ಹಾಯಬೇಕು, ಆದರೆ ಒಂದೇ ಜಾಗದಲ್ಲಿ ಎರಡು ಹಿಡಿಯುವುದಿಲ್ಲ. ದಪ್ಪ ಪಿನ್ನಿಗೆ ತೂತು ಹೊಡೆದು ಅದರೊಳಗೆ ಸಣ್ಣ ಪಿನ್ ತೂರಿಸುವುದು ರೂಢಿ. ನಾನು ಒಂದನ್ನು ಪೂರ್ತಿ ಉದ್ದ ಇಟ್ಟು, ಇನ್ನೊಂದನ್ನು ಎರಡು ಗಿಡ್ಡ ಪಿನ್ ಮಾಡಿದೆ. ಗಿಡ್ಡ ಪಿನ್ನಿನ ತುದಿಗೆ ಎಂ4 (4 ಮಿಮೀ ಸ್ಕ್ರೂವಿನ) ಥ್ರೆಡ್. ಅದರ ಮೊನೆ ಉದ್ದ ಪಿನ್ನಿನ ಕಚ್ಚಿನಲ್ಲಿ ಕೂತು ಅದನ್ನೂ ಸರಿಯದಂತೆ ಹಿಡಿಯುತ್ತದೆ, ಬೇರೆ ಲಾಕ್ ಬೇಕಿಲ್ಲ. ಬ್ಲಾಕಿನ ಮುಖದಿಂದ 2 ಮಿಮೀ ಒಳಗಿನವರೆಗೆ ರೀಮರ್ (ತೂತನ್ನು ಸರಿಯಾದ ಅಳತೆಗೆ ನುಣುಪು ಮಾಡುವ ಸಲಕರಣೆ) ಹಾಕಿ ಪಿನ್ನಿನ 5 ಮಿಮೀ ಬೋಳು ಭಾಗವೇ ಅಲ್ಲಿ ಕೂರುವಂತೆ ಮಾಡಿಸಿದ್ದೇನೆ. ಬಾಗುವ ಒತ್ತಡ ಜಾಸ್ತಿ ಇರುವುದು ಆ ಮುಖದಲ್ಲೇ. ಅಲ್ಲಿ ಥ್ರೆಡ್ಡಿನ ತಗ್ಗು ಬಂದರೆ ಪಿನ್ ಅಲ್ಲೇ ಮುರಿಯುತ್ತದೆ. ಒಳಗೆ ಸಿಗುವುದು ಮೂರು ಸುತ್ತು ಥ್ರೆಡ್, ಪಿನ್ ಬೀಳದಿರಲು ಅಷ್ಟು ಸಾಕು.

ಈಗ ಎಲ್ಲರೂ ಕೇಳುವ ಪ್ರಶ್ನೆ: ಒಂದೇ ಕ್ರಾಸ್ ಇದ್ದರೆ ತಿರುವು ಸಮನಾಗಿ ಬರುವುದಿಲ್ಲವಲ್ಲ? ಬರುವುದಿಲ್ಲ. ಚಕ್ರ ಒಂದೇ ವೇಗದಲ್ಲಿ ತಿರುಗಿದರೂ 30 ಡಿಗ್ರಿಯಲ್ಲಿ ತಟ್ಟೆಯ ವೇಗ 0.866ರಿಂದ 1.155 ಪಟ್ಟಿನವರೆಗೆ, ಸುತ್ತಿಗೆ ಎರಡು ಸಲ ಏರಿಳಿಯುತ್ತದೆ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1676ರಷ್ಟು ಹಿಂದೆಯೇ ಈ ಜಾಯಿಂಟಿನ ಬಗ್ಗೆ ಬರೆದಿದ್ದ; ಇದರ ಏರುಪೇರು ನೆರಳು ಗಡಿಯಾರದ ಗಂಟೆಗೆರೆಗಳ ಏರುಪೇರಿನಂತೆಯೇ ಇದೆ ಅನ್ನುವುದೂ ಅವನಿಗೆ ಹೊಳೆದಿತ್ತು. ನಮ್ಮ 30 ಡಿಗ್ರಿ ಜಾಯಿಂಟ್ ಸರಿಹೊಂದುವುದು 60 ಡಿಗ್ರಿ ಅಕ್ಷಾಂಶದ ಊರಿನ ನೆರಳಿಗೆ. ಹುಬ್ಬಳ್ಳಿಯ ನೆರಳು ಬೇಕೆಂದರೆ ಸುಮಾರು 75 ಡಿಗ್ರಿ ಬಾಗಿಸಬೇಕು, ಅಷ್ಟಕ್ಕೆ ಈ ಯೋಕ್‌ಗಳು ಒಂದಕ್ಕೊಂದು ಬಡಿದು ನಿಂತುಬಿಡುತ್ತವೆ.

ಗೋವಿನಜೋಳಕ್ಕೆ ಕಾಳಿನಿಂದ ಕಾಳಿಗೆ 20 ಸೆಂಮೀ ಬೇಕು. ತಟ್ಟೆಯಲ್ಲಿ ಎಂಟು ಗುಳಿ, ಚಕ್ರದ ಸುತ್ತಳತೆ 160 ಸೆಂಮೀ, ಒಂದಕ್ಕೊಂದು ಸುತ್ತು. ಗುಳಿಗಳನ್ನು ಸಮವಾಗಿ 45 ಡಿಗ್ರಿಗೊಂದು ಕೊರೆದರೆ, ತಟ್ಟೆ ಕೂರುವ ರೀತಿ ಕೆಟ್ಟದಾಗಿದ್ದಾಗ ಅಂತರ 17.5ರಿಂದ 22.7 ಸೆಂಮೀವರೆಗೆ ಹೊಯ್ದಾಡುತ್ತದೆ. ತಟ್ಟೆಯನ್ನು ಅರ್ಧ ಗುಳಿಯಷ್ಟು ತಿರುಗಿಸಿ ಕೂರಿಸಿದರೆ ಅದೇ 18.2 ಮತ್ತು 21.8ಕ್ಕೆ ಬರುತ್ತದೆ. ಪುಸ್ತಕದ ಮದ್ದು ಅಂದರೆ ಎರಡನೇ ಕ್ರಾಸ್ ಹಾಕಿ, ನಡುವಿನ ಶಾಫ್ಟಿನ ಎರಡೂ ಯೋಕ್‌ಗಳನ್ನು ಒಂದೇ ಸಮತಲದಲ್ಲಿಟ್ಟು, ಕೋನವನ್ನು ಸಮ ಹಂಚುವುದು. ಅದಕ್ಕೆ ಜಾಗ ಎಲ್ಲಿದೆ?

ತಟ್ಟೆ ಹೇಗಿದ್ದರೂ ಜಾಯಿಂಟಿನ ಜೊತೆ ಸುತ್ತಿಗೆ ಸುತ್ತು ತಿರುಗುತ್ತದೆ. ಹಾಗಿದ್ದರೆ ಜಾಯಿಂಟಿನ ಡೊಂಕನ್ನು ತಟ್ಟೆಯಲ್ಲೇ ತಿದ್ದಬಹುದು. ಗುಳಿಗಳನ್ನು 0, 40.9, 90, 139.1 ಡಿಗ್ರಿಗೆ, ಉಳಿದರ್ಧವನ್ನೂ ಹಾಗೆಯೇ ಕೊರೆದೆ. ಎಂಟರಲ್ಲಿ ನಾಲ್ಕು ಗುಳಿ ಮಾತ್ರ ನಾಲ್ಕು ಡಿಗ್ರಿಯಷ್ಟು ಸರಿದವು. ಷರತ್ತು ಒಂದೇ: ಚಕ್ರದ ಕಡೆಯ ಯೋಕಿನ ಪಿನ್ ನೆಲಕ್ಕೆ ಸಮಾಂತರ ಬಂದಾಗ ತಟ್ಟೆಯ ವೇಗ ಅತಿ ಕಡಿಮೆ, ಆ ಗಳಿಗೆಗೆ 0 ಡಿಗ್ರಿಯ ಗುಳಿ ಕಾಳು ಬೀಳುವ ಬಾಯಿಗೆ ಎದುರಾಗಿರಬೇಕು. ತಟ್ಟೆಗೂ ಶಾಫ್ಟಿಗೂ ಸೆಂಟರ್ ಪಂಚಿನಿಂದ ಒಂದೊಂದು ಚುಕ್ಕಿ ಹೊಡೆದಿದ್ದೇನೆ, ಬಿಚ್ಚಿ ಜೋಡಿಸುವವರು ಚುಕ್ಕಿಗೆ ಚುಕ್ಕಿ ಕೂಡಿಸಿದರಾಯಿತು. ಅಂಗಳದಲ್ಲಿ ಹಸಿ ಮರಳು ಹರಡಿ ತಳ್ಳಿ, ಟೇಪ್ ಹಿಡಿದು ಅಳೆದೆ. ಹಳೆಯ ತಟ್ಟೆಯಲ್ಲಿ ಉದ್ದ-ಉದ್ದ-ಗಿಡ್ಡ-ಗಿಡ್ಡ ಅನ್ನುವ ವರಸೆ ಕಣ್ಣಿಗೇ ಕಾಣುತ್ತಿತ್ತು. ಹೊಸದರಲ್ಲಿ ಆ ವರಸೆ ಹೋಗಿದೆ. ಕಾಳು ಪುಟಿಯುವುದರಿಂದ ಆಗುವ ಹೆಚ್ಚುಕಡಿಮೆ ಇದ್ದೇ ಇದೆ, ಹೊಲದಲ್ಲಿ ಚಕ್ರ ಜಾರುವುದು ಅದಕ್ಕಿಂತ ದೊಡ್ಡದು. ಬೆಳೆಗೆ ಒಂದೂವರೆ-ಎರಡು ಸೆಂಮೀ ಲೆಕ್ಕಕ್ಕಿಲ್ಲ ಅಂತ ಮಾವ ನಕ್ಕರು. ಇರಲಿ, ಪುಕ್ಕಟೆ ಬರುವ ನಿಖರತೆಯನ್ನು ಯಾಕೆ ಬಿಡಬೇಕು?

ಸವೆತದ ವಿಷಯ. ಒಂದು ಯೋಕಿಗೆ ಗನ್‌ಮೆಟಲ್ ಬುಷ್ (ಪಿನ್ ತಿರುಗುವ ತೂತಿಗೆ ಹಾಕುವ ತಾಮ್ರ-ತವರದ ಮಿಶ್ರಲೋಹದ ಕೊಳವೆ), ಇನ್ನೊಂದಕ್ಕೆ ಏನೂ ಇಲ್ಲದೆ ಉಕ್ಕಿನ ಮೇಲೆ ಉಕ್ಕು, ಬೇಕೆಂದೇ ಹಾಗೆ ಬಿಟ್ಟು ಹೊಲದಲ್ಲಿ ಓಡಿಸಿದೆ. ಬುಷ್ ಇಲ್ಲದ ಕಡೆ ಕೈಯಲ್ಲಿ ಅಲುಗಿಸಿದರೆ ಗೊತ್ತಾಗುವಷ್ಟು ಆಟ ಬಂದಿದೆ. ಗ್ರೀಸ್ ಕಪ್ಪಗಾಗಿ, ಬೆರಳಲ್ಲಿ ತಿಕ್ಕಿದರೆ ಗರಗರ ಅನ್ನುತ್ತದೆ. ಪಿನ್ನಿನ ಮೇಲಿನ ಒತ್ತಡ ಪೂರ್ತಿ ಟಾರ್ಕಿಗೂ 19 ಮೆಗಾಪಾಸ್ಕಲ್ ದಾಟುವುದಿಲ್ಲ, ಹಾಗಾಗಿ ಇದು ಭಾರದ ಸವೆತ ಅಲ್ಲ, ಗ್ರೀಸಿಗೆ ಸೇರಿದ ಮಣ್ಣಿನದು. ಈಗ ಎರಡೂ ಕಡೆ ಬುಷ್ ಹಾಕಿಸಿ, ಸೈಕಲ್ ಟ್ಯೂಬಿನ ತುಂಡನ್ನು ಜಾಯಿಂಟಿನ ಮೇಲೆ ಎಳೆದು, ಒಳಗೆ ಗ್ರೀಸ್ ತುಂಬಿ ಎರಡೂ ತುದಿಗೆ ಕೇಬಲ್ ಟೈ ಬಿಗಿದಿದ್ದೇನೆ. ಟ್ಯೂಬ್ ಒಳಮಗ್ಗುಲಲ್ಲಿ ಮಡಿಕೆ ಬೀಳುತ್ತದೆ, ಆ ಮಡಿಕೆಯಲ್ಲೇ ಅದು ಮೊದಲು ಸೀಳಬಹುದು. ಸೀಳಿದರೆ ಇನ್ನೊಂದು ತುಂಡು, ಪಂಕ್ಚರ್ ಅಂಗಡಿಯಲ್ಲಿ ಹಳೆ ಟ್ಯೂಬಿಗೇನು ಬರ?

ಮುಂದಿನ ಕೆಲಸ ಹಿಂಗಾರಿನ ಕಡಲೆಗೆ ತಟ್ಟೆ: 10 ಸೆಂಮೀ ಅಂತರ, ಹದಿನಾರು ಗುಳಿ. 22.5 ಡಿಗ್ರಿಯದು 19.7ಕ್ಕೂ, 67.5ರದು 64.4ಕ್ಕೂ ಸರಿಯುತ್ತವೆ. ಗುಳಿಗಳ ನಡುವಿನ ಗೋಡೆ ಅಲ್ಲಲ್ಲಿ ತೆಳ್ಳಗಾಗುವುದರಿಂದ ತಟ್ಟೆಯ ವ್ಯಾಸ ಸ್ವಲ್ಪ ಹಿಗ್ಗಿಸಬೇಕು, ಡಬ್ಬಿಯ ತಳವನ್ನೂ ಅದರ ಜೊತೆ.