ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ: ನಾನು ತಪ್ಪಾಗಿ ಎಣಿಸಿದ ಹದಿನೈದೂವರೆ ಗಂಟೆ

ಬೆಳಗಿನ ಜಾವ 4.30ಕ್ಕೆ ಬೆಂಗಳೂರು ಬಿಟ್ಟರೆ ಅದೇ ದಿನ ರಾತ್ರಿ 8ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ. 2023ರ ಮೇ ತಿಂಗಳ ಟಿಕೆಟ್‌ನಲ್ಲಿ ಹಾಗೇ ಇತ್ತು. ಬೆರಳು ಮಡಚಿ ಎಣಿಸಿದೆ, ಹದಿನೈದೂವರೆ ಗಂಟೆ. ಮಗ ಹೇಳಿದ್ದ ನೇರ ವಿಮಾನಕ್ಕೆ 16 ಗಂಟೆ, ದುಡ್ಡೂ ಜಾಸ್ತಿ. "ಇದೇ ಬೆಸ್ಟು ಸಾರ್" ಅಂದ ಏಜೆಂಟ್. ನಾನೂ ಖುಷಿಯಾಗಿ ದುಡ್ಡು ಕೊಟ್ಟೆ.

ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ. ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಅದನ್ನು ಕೂಡಿಸಿದರೆ ನಮ್ಮದು 28 ಗಂಟೆಯ ಪ್ರಯಾಣ! ನೇರ ಹೋದರೆ ಸುಮಾರು 14,000 ಕಿ.ಮೀ. ನಾವು ದುಬೈ, ಶಿಕಾಗೊ ಸುತ್ತಿ 17,000 ದಾಟಿಸಿದೆವು.

ಹಾಸನದಿಂದ ಸಂಜೆಯೇ ಕಾರಲ್ಲಿ ಹೊರಟಿದ್ದೆವು. ಬೆಳ್ಳೂರು ಕ್ರಾಸ್ ಹತ್ತಿರ ತಗಡಿನ ಚಾವಣಿಯ ಒಂದು ಸಣ್ಣ ಹೋಟೆಲು. ಹಬೆಯಾಡುವ ಇಡ್ಲಿ, ಮೇಲೆ ತುಪ್ಪ, ಪುದೀನ ಹಾಕಿದ ಗಟ್ಟಿ ಚಟ್ನಿ. ಕೇಳದೇ ಇದ್ದರೂ ಎರಡನೇ ಸಲ ಚಟ್ನಿ ಬಡಿಸಿದರು. ಇಬ್ಬರಿಗೂ ಕಾಫಿ ಸೇರಿ 110 ರೂಪಾಯಿ. ಅಲ್ಲಿ ಹೊಟ್ಟೆ ತುಂಬಾ ತಿನ್ನಿ. ವಿಮಾನದ ಊಟ ಬಾಯಿಗಿಡೋಕೆ ಆಗಲಿಲ್ಲ.

ನಿಜವಾಗಿ ಕೈಕೊಟ್ಟಿದ್ದು ಶಿಕಾಗೊ. ಅಮೆರಿಕದಲ್ಲಿ ಮೊದಲು ಇಳಿಯುವ ಊರಲ್ಲೇ ಇಮಿಗ್ರೇಷನ್. ಲಗೇಜನ್ನೂ ಅಲ್ಲೇ ಬಿಡಿಸಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ಆಮೇಲೆ ಟರ್ಮಿನಲ್ ಬದಲಿಸಿ ಇನ್ನೊಂದು ಸಲ ಸೆಕ್ಯುರಿಟಿ. ಇಷ್ಟಕ್ಕೆ ನಮಗಿದ್ದದ್ದು 2 ಗಂಟೆ. ಇಮಿಗ್ರೇಷನ್ ಸಾಲೇ ಒಂದೂವರೆ ಗಂಟೆ ತಿಂದಿತು. ದೇವಸ್ಥಾನದ ಸಾಲಿಗೇ ಹೆದರಿ ಹೊರಗಿಂದ ಕೈಮುಗಿಯುವವನು ನಾನು. ನಮ್ಮಾಕೆಯ ಚಟ್ನಿಪುಡಿ ಡಬ್ಬಿ ಬಿಚ್ಚಿಸಿ ನೋಡಿದ್ದರಲ್ಲಿ ಉಳಿದ ಸಮಯವೂ ಹೋಯಿತು.

ವಿಮಾನ ಹೋಗಿತ್ತು. ಎಲ್ಲ ಒಂದೇ ಪಿಎನ್‌ಆರ್‌ನಲ್ಲಿ ಇದ್ದದ್ದರಿಂದ ಬೆಳಗಿನ ವಿಮಾನಕ್ಕೆ ಸುಮ್ನೆ ಬದಲಿಸಿಕೊಟ್ಟರು. ಬೇರೆ ಬೇರೆ ಟಿಕೆಟ್ ಆಗಿದ್ದರೆ ಹೊಸದಾಗಿ ದುಡ್ಡು ಕಟ್ಟಬೇಕಿತ್ತು. ರೂಮಿಗೆ ಕೇಳಿದರೆ ಒಂದು ರಾತ್ರಿಗೆ 190 ಡಾಲರ್. ಬೇಡಪ್ಪಾ ಅಂತ ಕುರ್ಚಿಯಲ್ಲೇ ಕೂತೆವು. ಹಾಸಿಗೆ ಇಲ್ಲದೆ ಇರೋಕಾಗದವರು ಈ ದಾರಿಗೆ ಬರಲೇಬೇಡಿ.

ಅಮೆರಿಕದೊಳಗೆ ವಿಮಾನ ಬದಲಿಸುವುದಾದರೆ ಮಧ್ಯೆ 4 ಗಂಟೆಯಾದರೂ ಇರಲಿ. ಅದಕ್ಕಿಂತ ದುಬೈನಿಂದ ಸೀದಾ ಸ್ಯಾನ್ ಫ್ರಾನ್ಸಿಸ್ಕೋಗೇ ಇಳಿಯುವ ಟಿಕೆಟ್ ವಾಸಿ. ವಯಸ್ಸಾದವರು ಬುಕ್ ಮಾಡುವಾಗಲೇ ವೀಲ್‌ಚೇರ್ ಕೇಳಿ, ನಾಚಿಕೆ ಬೇಡ. ನಾನು ನಾಚಿಕೊಂಡೆ, ಮಂಡಿ ಹೋಯಿತು.

ಎರಡು ತಿಂಗಳು ಮಗನ ಮನೆಯಲ್ಲಿದ್ದು, ಬರುವಾಗ ನೇರ ವಿಮಾನದಲ್ಲೇ ಬಂದೆವು. ಹೋಗುವಾಗ ಬೆನ್ನಿಗೆ ಸಿಗುವ ಗಾಳಿ ಬರುವಾಗ ಸಿಗುವುದಿಲ್ಲ, 17 ಗಂಟೆ ಮೀರಿತು. ದಾರಿಯಲ್ಲಿ ಬೆಳ್ಳೂರು ಕ್ರಾಸ್‌ನಲ್ಲಿ ಕಾರು ನಿಲ್ಲಿಸಿದೆವು. ಇಡ್ಲಿ ಮುಗಿದಿತ್ತು, ದೋಸೆ ಇತ್ತು.