ನಲ್ಲಿ ತಿರುಗಿಸಿದರೆ ಬಿಸಿನೀರು

ನಾನು ಮಗಳನ್ನು ಕರೆದುಕೊಂಡು ದುಬೈಗೆ ಬಂದಿದ್ದು 2022ರ ಜೂನ್ ಕೊನೆಯಲ್ಲಿ. ತೀರ್ಥಹಳ್ಳಿ ಹತ್ತಿರದ ನಮ್ಮೂರಿಂದ ಹೊರಟ ದಿನ ಬೆಳಗಿನಿಂದ ಜಡಿಮಳೆ. ಅಡಿಕೆಗೆ ಕೊಳೆರೋಗದ ಬೋರ್ಡೋ ಔಷಧಿ ಹೊಡೆಸಬೇಕು, ಒಂದು ದಿನವಾದರೂ ಹೊಳವಾದೀತಾ ಅಂತ ಅಪ್ಪಯ್ಯ ಜಗಲಿಯಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಆಗುಂಬೆ ಘಾಟಿಯಲ್ಲಿ ಮಂಜು ಎಷ್ಟಿತ್ತೆಂದರೆ ಮಧ್ಯಾಹ್ನವೇ ಕಾರಿನ ಲೈಟು ಹಾಕಿಕೊಂಡು ಇಳಿದೆವು. ಅದೇ ರಾತ್ರಿ ಹನ್ನೊಂದು ಗಂಟೆಗೆ ದುಬೈ ವಿಮಾನ ನಿಲ್ದಾಣದ ಬಾಗಿಲು ದಾಟಿ ಹೊರಗೆ ಕಾಲಿಟ್ಟಾಗ ಬಚ್ಚಲೊಲೆಯ ಬಾಯಿಗೆ ಮುಖ ಒಡ್ಡಿದ ಹಾಗಾಯಿತು. ರಾತ್ರಿ ಹನ್ನೊಂದು ಗಂಟೆಗೆ!

ಊರಿಗೆ ಹೋದಾಗ ಎಲ್ಲರೂ ಬುರ್ಜ್ ಖಲೀಫಾ ಬಗ್ಗೆ ಕೇಳುತ್ತಾರೆ, ಚಿನ್ನದ ರೇಟು ಕೇಳುತ್ತಾರೆ. ನನಗೆ ಈ ಊರು ಅರ್ಥವಾಗಿದ್ದು ನೀರಿನಿಂದ. ಅದನ್ನೇ ಇಲ್ಲಿ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ಮೊದಲನೇ ಬೆಳಿಗ್ಗೆ ನಮ್ಮನೆಯವರು ಆಫೀಸಿಗೆ ಹೋಗಿದ್ದರು. ಮಗಳಿಗೆ ಆಗ ನಾಲ್ಕು ವರ್ಷ. ಅವಳಿಗೆ ಸ್ನಾನ ಮಾಡಿಸೋಣ ಅಂತ ತಣ್ಣೀರಿನ ನಲ್ಲಿ ತಿರುಗಿಸಿದೆ. ಕುದಿಯುವಷ್ಟಲ್ಲ, ಆದರೆ ಮಗುವಿನ ಮೈಮೇಲೆ ಸುರಿಯಲಾರದಷ್ಟು ಬಿಸಿ. ಸ್ವಲ್ಪ ಹೊತ್ತು ಬಿಟ್ಟರೆ ತಣ್ಣಗಾದೀತು ಅಂತ ಬಿಟ್ಟೆ. ಐದು ನಿಮಿಷವಾದರೂ ಅಷ್ಟೇ. ಗೀಸರ್ ಕೆಟ್ಟಿದೆ ಅಂದುಕೊಂಡು ಕೆಳಗೆ ಹೋಗಿ ವಾಚ್‌ಮನ್‌ಗೆ ಹೇಳಿದೆ. ಇಲ್ಲಿ ವಾಚ್‌ಮನ್‌ಗೆ ನಾತೂರ್ ಅನ್ನುತ್ತಾರೆ. ನಮ್ಮ ಕಟ್ಟಡದ ನಾತೂರ್ ಪೇಶಾವರ ಕಡೆಯ ವಯಸ್ಸಾದವರು. ಅವರು ಮೇಲೆ ಬಂದು ಒಂದು ಕೆಲಸ ಮಾಡಿದರು, ಗೀಸರಿನ ಸ್ವಿಚ್ ಆಫ್ ಮಾಡಿದರು. ಆಮೇಲೆ ಹಿಂದಿಯಲ್ಲಿ ಹೇಳಿದರು, "ಇನ್ನು ಅಕ್ಟೋಬರ್ ತನಕ ಇದನ್ನು ಮುಟ್ಟಬೇಡಿ ಬೇಟಿ. ನಾಳೆಯಿಂದ ಕೆಂಪು ಗುರುತಿನ ಕಡೆ ತಿರುಗಿಸಿ, ತಣ್ಣೀರು ಬರುತ್ತೆ."

ಹೌದು, ಇಲ್ಲಿ ಬೇಸಿಗೆಯಲ್ಲಿ ಎಲ್ಲ ಉಲ್ಟಾ. ಟ್ಯಾಂಕ್ ತಾರಸಿಯ ಮೇಲಿದೆ, 45 ಡಿಗ್ರಿ ಬಿಸಿಲಿನಲ್ಲಿ ಇಡೀ ದಿನ ಕಾಯುತ್ತದೆ, ಆ ನೀರು ನೇರವಾಗಿ ನೀಲಿ ಗುರುತಿನ ಕಡೆ ಬರುತ್ತದೆ. ಗೀಸರ್ ಇರುವುದು ಮನೆಯೊಳಗೆ, ಬಚ್ಚಲಿನ ಸೀಲಿಂಗ್ ಮೇಲೆ, ಎಸಿ ತಂಪಿನಲ್ಲಿ. ಅದನ್ನು ಆರಿಸಿಟ್ಟರೆ ಅದರೊಳಗಿನ ನೀರು ರಾತ್ರಿಯಿಡೀ ತಣಿಯುತ್ತದೆ. ಅಂದರೆ ಬಿಸಿನೀರಿನ ಡಬ್ಬವೇ ತಣ್ಣೀರಿನ ಡಬ್ಬ. ಊರಲ್ಲಿ ಹಂಡೆಗೆ ಬೆಂಕಿ ಹಾಕಿ, ಹೊಗೆ ಕುಡಿದು ನೀರು ಕಾಯಿಸುತ್ತಿದ್ದ ಅಮ್ಮನಿಗೆ ಇದನ್ನು ಫೋನಿನಲ್ಲಿ ಹೇಳಿದರೆ, "ಸೌದೆ ಇಲ್ಲದೆ ಬಿಸಿನೀರಾ? ಪುಣ್ಯವಂತರು ಕಣೆ ನೀವು" ಅಂದಳು. ಅವಳು ಹೇಳಿದ್ದು ನಿಜವೇ. ಆದರೆ ಆ ದಿನ ನಾನು ಬಚ್ಚಲಿನಲ್ಲಿ ಕೂತು ಅತ್ತಿದ್ದೆ. ಒಂದು ನಲ್ಲಿ ತಿರುಗಿಸುವುದಕ್ಕೂ ಇನ್ನೊಬ್ಬರನ್ನು ಕೇಳಬೇಕಲ್ಲ ಅನ್ನಿಸಿತ್ತು.

ಮೊದಲ ಒಂದೆರಡು ತಿಂಗಳು ಹೀಗೇ ಹೋಯಿತು. ವೈದ್ಯಕೀಯ ಪರೀಕ್ಷೆ, ಎದೆಯ ಎಕ್ಸ್‌ರೇ, ಬೆರಳಚ್ಚು, ಎಮಿರೇಟ್ಸ್ ಐಡಿ. ಆ ಕಾರ್ಡು ಕೈಗೆ ಬರುವ ತನಕ ನಮ್ಮ ಹೆಸರಿನಲ್ಲಿ ಹೆಚ್ಚೇನೂ ಆಗುವುದಿಲ್ಲ. ಮನೆ ಬಾಡಿಗೆಯನ್ನು ಇಲ್ಲಿ ತಿಂಗಳು ತಿಂಗಳು ಕೊಡುವ ಪದ್ಧತಿ ಕಮ್ಮಿ. ವರ್ಷದ ಬಾಡಿಗೆಗೆ ನಾಲ್ಕು ಚೆಕ್ಕೋ ಎರಡು ಚೆಕ್ಕೋ ಮುಂದಿನ ತಾರೀಖು ಹಾಕಿ ಮೊದಲೇ ಬರೆದುಕೊಡಬೇಕು. ಕರಾರನ್ನು ಎಜಾರಿ ಅನ್ನುವ ಸರ್ಕಾರಿ ಬಾಡಿಗೆ ದಾಖಲೆಯಲ್ಲಿ ನೋಂದಾಯಿಸಬೇಕು, ಅದಾದ ಮೇಲೆ ದೀವಾ, ಅಂದರೆ ಇಲ್ಲಿಯ ಕರೆಂಟು ಮತ್ತು ನೀರಿನ ಇಲಾಖೆ, ಅಲ್ಲಿ ಫ್ಲ್ಯಾಟಿಗೆ 2000 ದಿರ್ಹಮ್ ಠೇವಣಿ. ನಾವು ಬಂದಾಗ ಬಿಲ್ಲಿನಲ್ಲಿ ನೀರಿನ ಲೆಕ್ಕ ಗ್ಯಾಲನ್‌ನಲ್ಲಿ ಇರುತ್ತಿತ್ತು. ಅದರ ಜೊತೆಗೇ ವರ್ಷದ ಬಾಡಿಗೆಯ ಶೇ. 5ರಷ್ಟು ಹೌಸಿಂಗ್ ಶುಲ್ಕವನ್ನು ಹನ್ನೆರಡು ಭಾಗ ಮಾಡಿ ಸೇರಿಸಿರುತ್ತಾರೆ. ಹೊಸದಾಗಿ ಬರುವವರು ಬಾಡಿಗೆ ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ, ನಾವು ಮರೆತಿದ್ದೆವು.

ಕೊಡುವ ಹಣ ದೊಡ್ಡದೇ, ಆದರೆ ಆ ನೀರು ಎಲ್ಲಿಂದ ಬರುತ್ತದೆ ಅಂತ ತಿಳಿದ ಮೇಲೆ ನನಗೆ ಬಿಲ್ಲಿನ ಬಗ್ಗೆ ಸಿಟ್ಟು ಬರುವುದಿಲ್ಲ. ಇಲ್ಲಿ ಹೊಳೆ ಇಲ್ಲ. ಸಮುದ್ರದ ಉಪ್ಪು ನೀರನ್ನು ಜೆಬೆಲ್ ಅಲಿಯ ದೊಡ್ಡ ಸ್ಥಾವರದಲ್ಲಿ ಸಿಹಿ ಮಾಡಿ, ಅಷ್ಟು ದೂರದಿಂದ ಪೈಪಿನಲ್ಲಿ ನಮ್ಮ ಬಚ್ಚಲಿಗೆ ಕಳಿಸುತ್ತಾರೆ. ತುಂಗೆಯ ದಂಡೆಯಲ್ಲಿ ಬೆಳೆದವಳು ನಾನು. ನೀರನ್ನು ಯಾರೋ ತಯಾರಿಸಬೇಕಾಗುತ್ತದೆ ಅನ್ನುವ ಯೋಚನೆಯೇ ನನಗೆ ಯಾವತ್ತೂ ಬಂದಿರಲಿಲ್ಲ. ಈಗ ಅಕ್ಕಿ ತೊಳೆದ ನೀರು ಬಾಲ್ಕನಿಯ ತುಳಸಿಗೆ ಹೋಗುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸುತ್ತೇನೆ. ಆಗಸ್ಟಿನಲ್ಲಿ ಸೆಕೆ ಎಷ್ಟು ಜಾಸ್ತಿ ಅಂದರೆ ಆ ಬಕೆಟ್ಟು ಸಂಜೆಯೊಳಗೆ ತುಂಬುತ್ತದೆ. ಹೊರಗೆ ಹೋದರೆ ಕನ್ನಡಕದ ಮೇಲೆ ಮಂಜು ಕಟ್ಟುತ್ತದೆ. ಒರೆಸುವ ತನಕ ಎದುರಿಗಿದ್ದವರು ಕಾಣುವುದಿಲ್ಲ.

ಕುಡಿಯುವುದಕ್ಕೆ ಮಾತ್ರ ಐದು ಗ್ಯಾಲನ್ ಕ್ಯಾನ್. ಅದನ್ನು ತರುವವರು ಕೆಳಗಿನ ಗ್ರೋಸರಿಯ ಇಕ್ಕ, ಮಲಯಾಳದಲ್ಲಿ ಅಣ್ಣ ಅಂದ ಹಾಗೆ. ನಮ್ಮ ಖುಸೈಸ್ ಬಡಾವಣೆಯಲ್ಲಿ ಬೀದಿಗೊಂದು ಗ್ರೋಸರಿ, ಹೆಚ್ಚಿನವು ಮಲಯಾಳಿಗಳದ್ದು. ಫೋನ್ ಮಾಡಿದರೆ ಒಂದು ಪ್ಯಾಕೆಟ್ ಮೊಸರನ್ನೂ ಆರನೇ ಮಹಡಿಗೆ ತಂದುಕೊಡುತ್ತಾರೆ. ಲೆಕ್ಕ ಪುಸ್ತಕದಲ್ಲಿ, ಹಣ ತಿಂಗಳ ಕೊನೆಗೆ. ಕುಚ್ಚಲಕ್ಕಿ, ತೆಂಗಿನೆಣ್ಣೆ, ಬಾಳೆಎಲೆ, ಕೆಸುವಿನ ಎಲೆ ಕೂಡ ಇವರಿಂದಲೇ ಸಿಗುತ್ತದೆ. ಮಲೆನಾಡಿನ ಅಡುಗೆಗೆ ಬೇಕಾದ್ದು ಮುಕ್ಕಾಲು ಪಾಲು ಈ ಊರಲ್ಲಿದೆ, ಆ ವಿಷಯದಲ್ಲಿ ನನಗೆ ಕೊರತೆಯೇ ಆಗಲಿಲ್ಲ.

ಆದರೆ ಗಸಗಸೆ ಇಲ್ಲ. ಇದನ್ನು ಯಾರಾದರೂ ಹೊಸಬರು ಓದುತ್ತಿದ್ದರೆ ದಯವಿಟ್ಟು ಗಮನಿಸಿ. ಗಸಗಸೆ ಅಫೀಮಿನ ಗಿಡದ ಬೀಜ, ಇಲ್ಲಿ ಅದಕ್ಕೆ ನಿಷೇಧವಿದೆ, ಸಿಕ್ಕಿಬಿದ್ದರೆ ಜೈಲಿನ ತನಕ ಹೋಗುವ ವಿಚಾರ. ಅಮ್ಮ ಹಬ್ಬಕ್ಕೆ ಪಾಯಸ ಮಾಡಿಕೋ ಅಂತ ಕಾಲು ಕೆಜಿ ಗಸಗಸೆಯನ್ನು ಉಪ್ಪಿನಕಾಯಿ ಡಬ್ಬದ ಪಕ್ಕದಲ್ಲಿ ಇಟ್ಟಿದ್ದಳು. ಹೊರಡುವ ಹಿಂದಿನ ರಾತ್ರಿ ನಮ್ಮನೆಯವರು ಫೋನಿನಲ್ಲಿ ಎಚ್ಚರಿಸಿದ್ದಕ್ಕೆ ತೆಗೆದೆವು. ಗರಂ ಮಸಾಲೆ ಪುಡಿ ಮಾಡಿಸಿ ತರುವವರು ಅದರಲ್ಲಿ ಗಸಗಸೆ ಹಾಕಿದ್ದಾರಾ ಅಂತಲೂ ಕೇಳಿಕೊಳ್ಳಿ. ವೀಳ್ಯದೆಲೆ, ಪಾನ್ ತರುವುದಕ್ಕೂ ಇಲ್ಲಿ ನಿಷೇಧವಿದೆ. ಊಟವಾದ ಮೇಲೆ ಎಲೆ ಅಡಿಕೆ ತಟ್ಟೆ ಬಾರದ ಮನೆ ನಾನು ನೋಡಿರಲಿಲ್ಲ. ಗೌರಿ ಹಬ್ಬದಲ್ಲಿ ತಾಂಬೂಲಕ್ಕೆ ಬಾಳೆಹಣ್ಣು, ತೆಂಗಿನಕಾಯಿ, ಒಂದು ಹೂವು ಇಟ್ಟು ಕೊಡುತ್ತೇನೆ. ನಮ್ಮ ತೋಟದ ಅಡಿಕೆ ನಮ್ಮ ತೋಟದಲ್ಲೇ ಇರಲಿ.

ಊರಿನ ಜೊತೆ ಮಾತಾಡುವುದು ಇನ್ನೊಂದು ಕಷ್ಟ. ಇಲ್ಲಿ ವಾಟ್ಸಾಪ್‌ನಲ್ಲಿ ಮೆಸೇಜ್ ಹೋಗುತ್ತದೆ, ಕಾಲ್ ಹೋಗುವುದಿಲ್ಲ. ಬೋಟಿಮ್ ಅನ್ನುವ ಬೇರೆ ಆ್ಯಪ್ ಬೇಕು. ಅದನ್ನು ಅಮ್ಮನ ಫೋನಿಗೆ ಹಾಕಿಸುವುದಕ್ಕೆ ಪೇಟೆಯಿಂದ ತಮ್ಮ ಹೋಗಬೇಕಾಯಿತು. ಮಳೆಗಾಲದಲ್ಲಿ ಅಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಇಲ್ಲ. ಹಾಗಾಗಿ ನಾವಿಬ್ಬರೂ ವಾಯ್ಸ್ ಮೆಸೇಜಿಗೆ ಬಂದೆವು. ಅಮ್ಮ ಮಾತಾಡುವುದು ಅರ್ಧ ನಿಮಿಷ, "ಎಂಥ ಮಾಡ್ತಿದ್ದೀಯೆ, ಮಗು ಉಂಡ್ತಾ" ಇಷ್ಟೇ. ಆಮೇಲೆ ಫೋನ್ ನಿಲ್ಲಿಸಲು ಮರೆಯುತ್ತಾಳೆ. ಹಂಚಿನ ಮೇಲೆ ಬೀಳುವ ಮಳೆ, ಅಂಗಳದಲ್ಲಿ ಅಡಿಕೆ ದಬ್ಬೆ ಎಳೆಯುವ ಸದ್ದು, ಅಪ್ಪಯ್ಯನ ಕೆಮ್ಮು ಎಲ್ಲ ಎರಡು ನಿಮಿಷ ಬರುತ್ತದೆ. ಅದನ್ನು ಅಳಿಸದೆ ಇಟ್ಟುಕೊಂಡಿದ್ದೇನೆ.

ನೀರಿನ ವಿಷಯ ಬರೆದು 2024ರ ಏಪ್ರಿಲ್ 16 ಬಿಡುವ ಹಾಗಿಲ್ಲ. ಈದ್ ಮುಗಿದು ವಾರವೂ ಆಗಿರಲಿಲ್ಲ. ಬೆಳಿಗ್ಗೆಯೇ ಗುಡುಗು, ಮಧ್ಯಾಹ್ನಕ್ಕೆ ಕತ್ತಲು. ನಾನು, ಮಗಳು ಬಾಲ್ಕನಿಗೆ ಓಡಿದೆವು. ಎರಡು ವರ್ಷವಾದ ಮೇಲೆ ನನ್ನ ಮಳೆ ನನ್ನನ್ನು ಹುಡುಕಿಕೊಂಡು ಬಂತು ಅನ್ನಿಸಿ ಕೈ ಚಾಚಿ ನಿಂತೆ. ಆ ಖುಷಿ ಸಂಜೆಯ ತನಕ ಉಳಿಯಲಿಲ್ಲ. ಕೆಳಗಿನ ರಸ್ತೆ ಹೊಳೆಯಾಯಿತು. ನೆಲಮಾಳಿಗೆಯ ಪಾರ್ಕಿಂಗಿಗೆ ನೀರು ನುಗ್ಗಿತು, ಕಾರುಗಳು ಮುಳುಗಿದವು, ಲಿಫ್ಟ್ ನಿಂತಿತು, ರಾತ್ರಿ ಕರೆಂಟು ಹೋಯಿತು. ಮೆಟ್ರೋ ನಿಂತಿದ್ದರಿಂದ ನಮ್ಮನೆಯವರು ಆ ರಾತ್ರಿ ಮನೆಗೇ ಬರಲಿಲ್ಲ, ಆಫೀಸಿನ ನೆಲದ ಮೇಲೆ ಮಲಗಿದರು. 1949ರಲ್ಲಿ ಮಳೆಯ ದಾಖಲೆ ಇಡಲು ಶುರುಮಾಡಿದ ಮೇಲೆ ಈ ದೇಶದಲ್ಲಿ ಅಂಥ ಮಳೆಯೇ ಆಗಿರಲಿಲ್ಲವಂತೆ. ಅಲ್ ಐನ್ ಕಡೆ ಒಂದು ಜಾಗದಲ್ಲಿ 24 ಗಂಟೆಯೊಳಗೆ 254 ಮಿಲಿಮೀಟರ್.

ಅಪ್ಪಯ್ಯನಿಗೆ ಈ ಲೆಕ್ಕ ಹೇಳಿದೆ. "ಹತ್ತಿಂಚಿಗೆ ಊರೇ ಮುಳುಗ್ತಾ?" ಅಂದರು. ಅವರ ಆಶ್ಚರ್ಯ ಸಹಜ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತದೆ, ಹತ್ತಿಂಚಿನ ದಿನಗಳನ್ನು ಅವರು ನೋಡಿದವರು. ಆದರೆ ನಮ್ಮಲ್ಲಿ ಮಳೆಗೆ ದಾರಿ ಇದೆ. ಇಳಿಜಾರು ಇದೆ, ತೋಟದ ಬಸಿಗಾಲುವೆ ಇದೆ, ಹಳ್ಳ ಇದೆ, ಕೊನೆಗೆ ತುಂಗೆ ಇದೆ. ಇಲ್ಲಿ ನೆಲ ಚಪ್ಪಟೆ, ಮೇಲೆ ಡಾಂಬರು, ಕಾಂಕ್ರೀಟು, ವರ್ಷಕ್ಕೆ ಕೆಲವೇ ದಿನ ಬರುವ ಮಳೆಗೆ ಅಂತ ಕಾಲುವೆ ಕಟ್ಟಿದ್ದು ಕಮ್ಮಿ. ಬಿದ್ದ ನೀರಿಗೆ ಹೋಗಲು ಜಾಗವೇ ಇರಲಿಲ್ಲ. ಎಷ್ಟೋ ದಿನ ಟ್ಯಾಂಕರುಗಳು ಬೀದಿ ಬೀದಿಯಲ್ಲಿ ನಿಂತು ನೀರು ಎಳೆದವು.

ಆ ಎರಡು ದಿನ ಇಕ್ಕ ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದು, ಕತ್ತಲೆಯ ಮೆಟ್ಟಿಲು ಹತ್ತಿ, ಮಕ್ಕಳಿರುವ ಮನೆಗಳಿಗೆಲ್ಲ ಹಾಲು ಮತ್ತು ಕುಬ್ಬೂಸ್ ರೊಟ್ಟಿ ಕೊಟ್ಟು ಹೋದರು. ಪುಸ್ತಕದಲ್ಲಿ ಬರೆದುಕೊಳ್ಳಲೂ ಇಲ್ಲ. ಎದುರು ಮನೆಯ ಈಜಿಪ್ಟಿನ ಹೆಂಗಸಿಗೆ ನನ್ನ ಭಾಷೆ ಬಾರದು, ನನಗೆ ಅವರ ಅರಬ್ಬಿ ಬಾರದು. ಅವರ ಮನೆಯ ಗ್ಯಾಸ್ ಮುಗಿದಿತ್ತು, ನಮ್ಮಲ್ಲಿ ಇತ್ತು. ಒಂದೇ ಒಲೆಯಲ್ಲಿ ಅವರ ಪಾತ್ರೆ, ನನ್ನ ಪಾತ್ರೆ. ಅವರು ಮೇಣದ ಬತ್ತಿ ತಂದರು. ಅಲ್ಲಿಯ ತನಕ ನಾವಿಬ್ಬರೂ ಲಿಫ್ಟಿನಲ್ಲಿ ಸುಮ್ನೆ ನಕ್ಕು ಹೋಗುತ್ತಿದ್ದವರು. ಈಗ ರಂಜಾನ್ ಬಂದರೆ ಅವರಿಂದ ಖರ್ಜೂರದ ಡಬ್ಬಿ ಬರುತ್ತದೆ. ನಾನು ಹಲಸಿನ ಹಪ್ಪಳ ಕರಿದು ಕಳಿಸುತ್ತೇನೆ, ಅವರ ಮಕ್ಕಳಿಗೆ ಅದು ಬಹಳ ಇಷ್ಟ.

ಊರು ಜಾಸ್ತಿ ನೆನಪಾದರೆ ಗ್ರೀನ್ ಲೈನ್ ಮೆಟ್ರೋ ಹಿಡಿದು ಅಲ್ ಗುಬೈಬಾಕ್ಕೆ ಹೋಗಿ ಕ್ರೀಕ್, ಅಂದರೆ ಊರೊಳಗೆ ಚಾಚಿಕೊಂಡ ಸಮುದ್ರದ ಹಿನ್ನೀರು, ದಾಟುತ್ತೇವೆ. ಅಬ್ರಾ ಅಂದರೆ ಮರದ ದೋಣಿ, ಈ ದಂಡೆಯ ಬುರ್ ದುಬೈಯಿಂದ ಆ ದಂಡೆಯ ದೇರಾ ಕಡೆಗೆ ತಲೆಗೆ ಒಂದು ದಿರ್ಹಮ್. ಎಣ್ಣೆ ನಿಕ್ಷೇಪ ಸಿಗುವ ಎಷ್ಟೋ ಮೊದಲೇ ಈ ಊರು ಬೆಳೆದಿದ್ದು ಈ ನೀರಿನ ಎರಡು ದಂಡೆಯ ಮೇಲೆ. ಮುತ್ತು ತೆಗೆಯುವವರು, ಗುಜರಾತಿ, ಸಿಂಧಿ ವ್ಯಾಪಾರಿಗಳು, ಇರಾನಿನಿಂದ ಬಂದವರು ಎಲ್ಲರೂ ಇಲ್ಲೇ ಇಳಿದಿದ್ದು. ದೋಣಿಯ ಅಂಚಿನಲ್ಲಿ ಕೂತರೆ ನೀರು ಕೈಗೆ ಸಿಗುವಷ್ಟು ಹತ್ತಿರ. ಮಗಳು ಪ್ರತಿ ಸಲ, ಇದು ತುಂಗೆಯಾ ಅಂತ ಕೇಳುತ್ತಿದ್ದಳು. ಈಗ ಕೇಳುವುದಿಲ್ಲ. ಅವಳಿಗೆ ಎರಡೂ ಗೊತ್ತು. ಇಲ್ಲಿಯ ಕನ್ನಡಿಗರು ಸೇರಿ ನಡೆಸುವ ಕನ್ನಡ ಪಾಠಶಾಲೆಗೆ ಹೋಗುತ್ತಾಳೆ. ಜುಲೈ, ಆಗಸ್ಟ್ ಶಾಲೆಗೆ ರಜೆ ಇದ್ದಾಗ ಊರಿಗೆ ಹೋಗಿ ಅಂಗಳದಲ್ಲಿ ನೆನೆದು, ಶೀತ ಹಿಡಿಸಿಕೊಂಡು ಬರುತ್ತಾಳೆ.

ಇನ್ನೊಂದು ಸಂಗತಿ ಹೇಳಲೇಬೇಕು. ಇಲ್ಲಿ ಮಸೀದಿಗಳ ಹೊರಗೆ, ಕೆಲವು ದೊಡ್ಡ ಮನೆಗಳ ಕಾಂಪೌಂಡಿನ ಗೋಡೆಗೆ ತಣ್ಣೀರಿನ ಕೂಲರ್ ಇರುತ್ತದೆ. ಯಾರು ಬೇಕಾದರೂ ಕುಡಿಯಬಹುದು, ಬಾಟಲಿ ತುಂಬಿಕೊಳ್ಳಬಹುದು. ಸಬೀಲ್ ಅನ್ನುತ್ತಾರೆ. ಮೊದಲ ಸಲ ನೋಡಿದಾಗ ನನಗೆ ತಕ್ಷಣ ನೆನಪಾಗಿದ್ದು ನಮ್ಮ ಅರವಟ್ಟಿಗೆ. ಬೇಸಿಗೆಯಲ್ಲಿ ಜಾತ್ರೆಯ ದಾರಿಯಲ್ಲಿ ಮಜ್ಜಿಗೆ, ಪಾನಕ ಇಟ್ಟುಕೊಂಡು ಕೂರುತ್ತಿದ್ದರಲ್ವಾ, ಅದೇ.

ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲು ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಅಂತ ಇಲ್ಲಿ ನಿಯಮವಿದೆ. ಕಟ್ಟಡ ಕೆಲಸದವರು ಆಗ ನೆರಳಿಗೆ ಹೋಗುತ್ತಾರೆ. ಆದರೆ ಬೈಕಿನಲ್ಲಿ ಊಟ ತರುವ ಹುಡುಗರು ಆಗಲೂ ಓಡಾಡುತ್ತಲೇ ಇರುತ್ತಾರೆ. ಜನ ಹಸಿದು ಆರ್ಡರ್ ಮಾಡುವುದೇ ಆ ಹೊತ್ತಿಗೆ. ಹೆಲ್ಮೆಟ್ ತೆಗೆದಾಗ ಆ ಮುಖಗಳನ್ನು ನೋಡಲಾಗುವುದಿಲ್ಲ. ಇಪ್ಪತ್ತು, ಇಪ್ಪತ್ತೆರಡು ವರ್ಷದ ಮಕ್ಕಳು ಅವರು. ಕಳೆದ ಬೇಸಿಗೆಯಿಂದ ನಾನು ಮತ್ತು ಎದುರು ಮನೆಯವರು ಫ್ರೀಜರಿನಲ್ಲಿ ಬಾಟಲಿ ಇಟ್ಟು, ಮೇಲೆ ಬಂದವರಿಗೆಲ್ಲ ಒಂದೊಂದು ಕೊಡುತ್ತೇವೆ. ನಾತೂರ್ ಕೂಡ ಕೆಳಗೆ ತಮ್ಮ ಕುರ್ಚಿಯ ಪಕ್ಕ ಥರ್ಮೋಕೋಲ್ ಪೆಟ್ಟಿಗೆ ಇಟ್ಟಿದ್ದಾರೆ.

ಇವತ್ತು ಬೆಳಿಗ್ಗೆ ಹನ್ನೆರಡು ಬಾಟಲಿ ತುಂಬಿಸಿ ಇಟ್ಟೆ. ಇದನ್ನು ಬರೆಯುತ್ತಾ ಕೂತ ಹೊತ್ತಿಗೆ ಮೂರು ಖಾಲಿಯಾಗಿದೆ. ಎದ್ದು ತುಂಬಿಸಬೇಕು.